‘ನೀವು ಸುಮ್ನೆ ಕೂತ್ಕೊಳ್ಳಿ’ ಅನ್ನುವ ಮಾತಿನ ಬಗ್ಗೆ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟವನ್ನು ನಾನು ತಪ್ಪದೆ ಓದುತ್ತೇನೆ. ವಯಸ್ಸಾದವರು ಉಪ್ಪು ಎಷ್ಟು ತಿನ್ನಬೇಕು, ಎಷ್ಟು ಹೊತ್ತು ನಡೆಯಬೇಕು, ಮಂಡಿನೋವಿಗೆ ಏನು ಮಾಡಬೇಕು, ಎಲ್ಲಾ ಬರುತ್ತದೆ. ಒಳ್ಳೆಯದೇ. ಆದರೆ ಅವರ ಮನಸ್ಸು ಹೇಗಿದೆ, ಬೆಳಿಗ್ಗೆ ಏಳುವಾಗ ಅವರಿಗೆ ಏನನ್ನಿಸುತ್ತದೆ, ಅದು ಆಯಸ್ಸಿಗೂ ಆರೋಗ್ಯಕ್ಕೂ ಎಷ್ಟು ಮುಖ್ಯ ಅನ್ನುವುದು ಅಪರೂಪಕ್ಕೆ ಬರುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ತಾಳ್ಮೆಯಿಂದ ಓದಿ.

ಬೆಂಗಳೂರಿನ ಒಂದು ಬಡಾವಣೆಯಲ್ಲಿ 22 ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ನನ್ನ ಗಿರಾಕಿಗಳಲ್ಲಿ ಜಾಸ್ತಿ ಜನ ಅರವತ್ತು ದಾಟಿದವರು. ಅವರಲ್ಲಿ ಒಬ್ಬರು ತಾತ ಇದ್ದಾರೆ. ಪಿಂಚಣಿ ಬರುತ್ತದೆ, ದುಡ್ಡಿಗೆ ತೊಂದರೆ ಇಲ್ಲ. ಆದರೂ ಬಿ.ಪಿ. ಮಾತ್ರೆಯನ್ನು ಯಾವಾಗಲೂ ಹತ್ತೇ ತೆಗೆದುಕೊಳ್ಳುತ್ತಾರೆ. ಹತ್ತು ದಿನ ಕಳೆದ ಮೇಲೆ ಮತ್ತೆ ಬರುತ್ತಾರೆ, ಮತ್ತೆ ಹತ್ತು. ಒಂದು ದಿನ ನಾನೇ ಹೇಳಿದೆ, ‘ತಾತ, ತಿಂಗಳಿಗಾಗುವಷ್ಟು ಒಟ್ಟಿಗೆ ತಗೊಂಡು ಹೋಗಿ, ನಿಮಗೂ ನಾಲ್ಕು ಕಾಸು ಉಳಿಯುತ್ತೆ, ಈ ಬಿಸಿಲಲ್ಲಿ ಓಡಾಡೋದೂ ತಪ್ಪುತ್ತೆ’ ಅಂತ. ಅವರು ಕೌಂಟರ್ ಮೇಲೆ ಕೈ ಊರಿಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೇಳಿದರು, ‘ಒಟ್ಟಿಗೆ ತಗೊಂಡುಬಿಟ್ಟರೆ ಆಚೆ ಬರೋದಕ್ಕೆ ಮನೇಲಿ ಏನಂತ ಹೇಳಲಪ್ಪಾ?’

ಆ ಮಾತು ನನಗೆ ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಯಾಕೆಂದರೆ ನನ್ನ ಮನೆಯಲ್ಲೇ ಆಗ ಅದೇ ನಡೆಯುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಚಿಂತಾಮಣಿ ಕಡೆಯ ನಮ್ಮ ಹಳ್ಳಿಯಿಂದ ಇಲ್ಲಿಗೆ ಕರೆದುಕೊಂಡು ಬಂದೆವು. ಆಗ ಅವಳಿಗೆ 68 ವರ್ಷ. ಅಲ್ಲಿ ಅವಳಿಗೆ ಒಂದು ಹಸು ಇತ್ತು, ಹಿತ್ತಲಲ್ಲಿ ನುಗ್ಗೆ, ಕರಿಬೇವು, ನಾಲ್ಕು ಬದನೆ ಗಿಡ. ದಿನಕ್ಕೆ ಹತ್ತು ಜನ ಬಾಗಿಲಿಗೆ ಬರುತ್ತಿದ್ದರು. ಯಾರಿಗೋ ಮಜ್ಜಿಗೆ, ಯಾರಿಗೋ ಮಗುವಿನ ಹೊಟ್ಟೆನೋವಿಗೆ ಓಂಕಾಳು. ಇಲ್ಲಿ ನಾವು ಅವಳಿಗೆ ಒಂದು ಕೋಣೆ ಕೊಟ್ಟೆವು, ಟಿ.ವಿ. ಕೊಟ್ಟೆವು, ಮೆತ್ತನೆ ಹಾಸಿಗೆ ಕೊಟ್ಟೆವು. ನನ್ನ ಹೆಂಡತಿಗೆ ಅತ್ತೆ ಅಂದರೆ ನಿಜವಾಗಲೂ ಪ್ರೀತಿ. ಅಮ್ಮ ಅಡುಗೆಮನೆಗೆ ಬಂದರೆ ‘ಅತ್ತೆ, ನೀವು ಸುಮ್ನೆ ಕೂತ್ಕೊಳ್ಳಿ, ನಾನಿದೀನಲ್ಲಾ’ ಅನ್ನುತ್ತಿದ್ದಳು. ಪೊರಕೆ ಹಿಡಿದರೆ ನಾನು ‘ಅಮ್ಮಾ, ಜೀವಮಾನವೆಲ್ಲಾ ದುಡಿದಿದ್ದೀಯ, ಈಗ ಸುಮ್ನೆ ಕೂತ್ಕೋ’ ಅನ್ನುತ್ತಿದ್ದೆ. ಅಂಗಡಿಗೆ ಹೋಗಿ ಹಾಲು ತರುತ್ತೇನೆ ಅಂದರೆ ‘ಗಾಡಿಗಳು ಜಾಸ್ತಿ, ಬೇಡಮ್ಮ’. ಮಗಳು ‘ಅಜ್ಜಿ, ನಿನಗೆ ಈ ಫೋನೆಲ್ಲಾ ಗೊತ್ತಾಗಲ್ಲ ಬಿಡು’. ಎಲ್ಲರದೂ ಪ್ರೀತಿಯ ಮಾತೇ. ಒಂದರಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಎಲ್ಲಾ ಮಾತೂ ಸೇರಿ ಅವಳ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಂಡು, ಕೊನೆಗೆ ಅವಳನ್ನು ಒಂದು ಕುರ್ಚಿಗೆ ತಂದು ಕೂರಿಸಿದವು.

ನಾಲ್ಕೇ ತಿಂಗಳು. 58 ಕೆ.ಜಿ. ಇದ್ದವಳು 51ಕ್ಕೆ ಇಳಿದಳು. ಯಾವತ್ತೂ ಇಲ್ಲದ ಬಿ.ಪಿ. ಬಂತು. ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಿದ್ದಳು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಥೈರಾಯ್ಡ್ ಎಲ್ಲಾ ಮಾಡಿಸಿದೆ, ಎಲ್ಲಾ ಸರಿಯಾಗಿಯೇ ಇತ್ತು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ರಿಪೋರ್ಟ್ ಕಡೆ ನೋಡದೆ ಅಮ್ಮನ ಮುಖ ನೋಡಿ ಕೇಳಿದರು, ‘ಬೆಳಿಗ್ಗೆ ಎದ್ದು ಏನು ಮಾಡ್ತೀರಮ್ಮ?’ ಅಮ್ಮ ಹೇಳಿದಳು, ‘ಏನೂ ಇಲ್ಲ ಸ್ವಾಮಿ. ಸುಮ್ನೆ ಕೂತಿರ್ತೀನಿ.’ ಡಾಕ್ಟರು ನನ್ನ ಕಡೆ ತಿರುಗಿ ಒಂದು ಮಾತೂ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಅದು ಡಿಸೆಂಬರ್ ತಿಂಗಳು, ಅವರೆಕಾಯಿ ಕಾಲ. ಮಾರನೇ ದಿನ ಅಂಗಡಿ ಮುಚ್ಚಿ ಬರುವಾಗ ಮೂರು ಕೆ.ಜಿ. ಅವರೆಕಾಯಿ ತಂದೆ. ಸಾಮಾನ್ಯವಾಗಿ ನಾವು ಹಿತಕಿದ ಬೇಳೆಯನ್ನೇ ಪ್ಯಾಕೆಟ್‌ನಲ್ಲಿ ತರುತ್ತೇವೆ, ಯಾರಿಗೆ ಪುರುಸೊತ್ತು ಅಲ್ವಾ. ಅವತ್ತು ಬೇಕು ಅಂತಲೇ ಕಾಯಿ ತಂದು ಅಮ್ಮನ ಮುಂದೆ ಸುರಿದೆ. ‘ಅಮ್ಮ, ಇದನ್ನು ನನ್ನ ಕೈಲಿ ಮಾಡೋದಕ್ಕಾಗಲ್ಲ, ನೀನೇ ನೋಡ್ಕೋ’ ಅಂದೆ. ಅವಳು ಒಂದು ಕಾಯಿ ತೆಗೆದುಕೊಂಡು ಬೆರಳಲ್ಲಿ ಉಜ್ಜಿ ಮೂಸಿದಳು. ‘ಸೊಗಡೇ ಇಲ್ಲ ಕಣೋ. ಯಾರ ಹತ್ರ ತಂದೆ? ಇಬ್ಬನಿ ಬಿದ್ದ ಕಾಯಿ ಅಂಟು ಅಂಟಾಗಿರಬೇಕು’ ಅಂದಳು. ತಿಂಗಳುಗಟ್ಟಲೆ ಆದ ಮೇಲೆ ಅವಳು ನನ್ನನ್ನು ಬೈದಿದ್ದು ಅದೇ ಮೊದಲು. ನನಗೆ ಅಳು ಬರುವಷ್ಟು ಸಂತೋಷವಾಯಿತು. ನಿಮ್ಮದೇ ಪತ್ರಿಕೆಯ ಹಳೇ ಹಾಳೆ ಹಾಸಿಕೊಂಡು ರಾತ್ರಿ ಹತ್ತರವರೆಗೆ ಸುಲಿದಳು, ಕಾಳನ್ನು ನೀರಿಗೆ ಹಾಕಿ ಮಲಗಿದಳು. ಬೆಳಿಗ್ಗೆ ನಾನು ಹಲ್ಲುಜ್ಜುವಾಗ ನೋಡಿದರೆ ಲಿಫ್ಟ್ ಮುಂದಿನ ಜಾಗದಲ್ಲಿ ಚಾಪೆ ಹಾಸಿದೆ, ಎದುರು ಮನೆಯ ಅಜ್ಜಿಯೂ ಬಂದು ಕೂತಿದ್ದಾರೆ, ಇಬ್ಬರೂ ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒತ್ತುತ್ತಿದ್ದಾರೆ, ಬೇಳೆ ಪಟ್ ಅಂತ ಪಾತ್ರೆಗೆ ಹಾರುತ್ತಿದೆ. ನಾಲ್ಕು ತಿಂಗಳಿಂದ ಎದುರುಬದುರು ಮನೆಯಲ್ಲಿದ್ದರೂ ಅವರಿಬ್ಬರು ಮಾತಾಡಿದ್ದು ಅವತ್ತೇ ಅಂತೆ. ಎದುರು ಮನೆಯ ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೇ, ಅವರದು ತೆಲುಗು. ನಮ್ಮಮ್ಮನಿಗೆ ಎರಡೂ ಬರುತ್ತದೆ, ಚಿಂತಾಮಣಿಯವಳಲ್ವಾ.

ಅವತ್ತು ಮಧ್ಯಾಹ್ನ ಅಮ್ಮ ಒಂದೂವರೆ ಮುದ್ದೆ ಉಂಡಳು.

ಇದು ನಮ್ಮ ಮನೆಯ ಕಥೆ, ಇದೊಂದನ್ನೇ ಇಟ್ಟುಕೊಂಡು ಊರಿಗೆಲ್ಲಾ ಬುದ್ಧಿ ಹೇಳಬಾರದು ಅಂತ ನನಗೂ ಗೊತ್ತು. ಆದರೆ ಅಂಗಡಿಯಲ್ಲಿ ಮಧ್ಯಾಹ್ನ ಬಿಡುವಿರುತ್ತದೆ, ಈ ವಿಷಯ ಹುಡುಕಿ ಓದತೊಡಗಿದೆ. ಓದಿದಷ್ಟೂ ಆಶ್ಚರ್ಯವಾಯಿತು. 1976ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ಸರಳ ಪ್ರಯೋಗ ಮಾಡಿದ್ದರು. ಒಂದು ಮಹಡಿಯವರಿಗೆ ‘ನಿಮ್ಮ ಕೋಣೆ, ನಿಮ್ಮ ಸಮಯ, ಹೇಗೆ ಬೇಕೋ ನೀವೇ ನೋಡಿಕೊಳ್ಳಿ’ ಅಂತ ಹೇಳಿ, ಬೇಕೆಂದವರಿಗೆ ಒಂದೊಂದು ಸಣ್ಣ ಗಿಡ ಆರಿಸಿಕೊಳ್ಳಲು ಬಿಟ್ಟು, ಅದನ್ನು ಸಾಕುವ ಹೊಣೆಯನ್ನೂ ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸ್‌ಗಳ ಕೆಲಸ, ನಿಮ್ಮನ್ನು ಸಂತೋಷವಾಗಿ ಇಡುವುದು ನಮ್ಮ ಜವಾಬ್ದಾರಿ ಅಂದರು. ಅಂದರೆ ನಾವು ಮನೆಯಲ್ಲಿ ಹೇಳುತ್ತೇವಲ್ಲ, ನೀವು ಸುಮ್ನೆ ಕೂತ್ಕೊಳ್ಳಿ ಅಂತ, ಅದೇ ಮಾತು ಇಂಗ್ಲಿಷಿನಲ್ಲಿ. ಮೂರು ವಾರ ಕಳೆಯುವಷ್ಟರಲ್ಲಿ ಗಿಡಕ್ಕೆ ತಾವೇ ನೀರು ಹಾಕಿದ ಗುಂಪಿನಲ್ಲಿ 93 ಶೇಕಡ ಜನ ಸುಧಾರಿಸಿದ್ದರು. ಹೆಚ್ಚು ಚುರುಕಾಗಿದ್ದರು, ಬೇರೆಯವರ ಕೋಣೆಗೆ ಹೋಗಿ ಮಾತಾಡುತ್ತಿದ್ದರು. ಇನ್ನೊಂದು ಗುಂಪಿನಲ್ಲಿ 71 ಶೇಕಡ ಜನ ಇನ್ನಷ್ಟು ಕುಗ್ಗಿದ್ದರು. ಎರಡು ಗುಂಪಿನವರೂ ಒಂದೇ ವೃದ್ಧಾಶ್ರಮದವರು. ಬೇರೆಯಾಗಿದ್ದದ್ದು ಹೇಳಿದ ಮಾತು, ಮತ್ತು ನೀರು ಹಾಕುವ ಕೈ ಯಾರದು ಅನ್ನುವುದು.

ಆಯಸ್ಸಿನ ವಿಷಯಕ್ಕೆ ಬಂದರೆ ಕ್ರೈಸ್ತ ಸನ್ಯಾಸಿನಿಯರ ಅಧ್ಯಯನವೊಂದಿದೆ, ಅದು ನನಗೆ ಬಹಳ ಹಿಡಿಸಿತು. ಅಮೆರಿಕದ ಸ್ಕೂಲ್ ಸಿಸ್ಟರ್ಸ್ ಆಫ್ ನಾಟ್ರಡಾಮ್ ಪಂಗಡದ 180 ಸನ್ಯಾಸಿನಿಯರು ತಮ್ಮ ಇಪ್ಪತ್ತರ ಆಸುಪಾಸಿನಲ್ಲಿ ಸಂಕ್ಷಿಪ್ತವಾಗಿ ತಮ್ಮ ಬದುಕಿನ ಕಥೆ ಬರೆದುಕೊಟ್ಟಿದ್ದರು. ಅರುವತ್ತು ವರ್ಷ ಕಳೆದ ಮೇಲೆ ಸಂಶೋಧಕರು ಆ ಹಾಳೆಗಳನ್ನು ತೆಗೆದು ಅದರಲ್ಲಿ ಸಂತೋಷ, ಕೃತಜ್ಞತೆ, ಪ್ರೀತಿ, ಭರವಸೆಯ ಮಾತು ಎಷ್ಟಿವೆ ಅಂತ ಎಣಿಸಿದರು. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಂಥ ಮಾತು ಹೆಚ್ಚು ಬರೆದವರು ಕಮ್ಮಿ ಬರೆದವರಿಗಿಂತ ಸುಮಾರು 7ರಿಂದ 10 ವರ್ಷ ಹೆಚ್ಚು ಬದುಕಿದ್ದರು. ಯಾಕೆ ಹಿಡಿಸಿತು ಅಂದರೆ, ಇವರೆಲ್ಲಾ ಒಂದೇ ಥರದ ಮಠದಲ್ಲಿದ್ದವರು. ಒಂದೇ ಊಟ, ಒಂದೇ ಥರದ ಕೆಲಸ. ಸಿಗರೇಟಿಲ್ಲ, ಹೆಂಡವಿಲ್ಲ. ಹೆರಿಗೆಯೂ ಇಲ್ಲ. ಶ್ರೀಮಂತರು ಹೆಚ್ಚು ಬದುಕುತ್ತಾರೆ, ಬಡವರು ಕಮ್ಮಿ ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಇನ್ನೊಂದು 2002ರದು. ಬೆಕ್ಕಾ ಲೆವಿ ಎಂಬ ಸಂಶೋಧಕಿ ಅಮೆರಿಕದ ಒಹಾಯೊ ರಾಜ್ಯದ ಒಂದು ಪಟ್ಟಣದ 660 ಜನರ ಲೆಕ್ಕ ತೆಗೆದರು. ಎಲ್ಲರೂ ಐವತ್ತು ದಾಟಿದವರು. ತಮಗೆ ವಯಸ್ಸಾಗುತ್ತಿರುವುದರ ಬಗ್ಗೆ ಒಳ್ಳೆಯ ಭಾವನೆ ಇಟ್ಟುಕೊಂಡಿದ್ದವರು ಉಳಿದವರಿಗಿಂತ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಇದನ್ನು ಓದಿದಾಗ ನಮ್ಮ ಜನ ದಿನಾ ಆಡುವ ಮಾತು ನೆನಪಾಯಿತು: ‘ಇನ್ನೇನು, ನಮ್ಮದೆಲ್ಲಾ ಮುಗೀತು’, ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’. ಅರುವತ್ತಕ್ಕೇ ಶುರು ಮಾಡುತ್ತಾರೆ. ಅಂಗಡಿಗೆ ಬಂದವರು ಹಾಗಂದರೆ ನಾನು ಈಗ ಸುಮ್ಮನಿರುವುದಿಲ್ಲ, ಜಗಳಕ್ಕೇ ಹೋಗುತ್ತೇನೆ.

ಮನಸ್ಸಿನದು ಮೈಗೆ ಹೇಗೆ ಇಳಿಯುತ್ತದೆ ಅಂತ ಕೆಲವರು ಕೇಳುತ್ತಾರೆ. ಅದರಲ್ಲಿ ಮಾಯ ಮಂತ್ರ ಏನಿಲ್ಲ. ಒಂಟಿತನ, ಹೆದರಿಕೆ, ಕೊರಗು ದಿನಾ ಇದ್ದರೆ ದೇಹದಲ್ಲಿ ಕಾರ್ಟಿಸಾಲ್‌ನಂಥ ಒತ್ತಡದ ಹಾರ್ಮೋನ್‌ಗಳು ಜಾಸ್ತಿಯಾಗುತ್ತವೆ. ಅವು ಬಿ.ಪಿ. ಏರಿಸುತ್ತವೆ, ಸಕ್ಕರೆ ಏರಿಸುತ್ತವೆ, ನಿದ್ದೆ ಕೆಡಿಸುತ್ತವೆ, ಸೋಂಕಿನ ವಿರುದ್ಧ ಹೋರಾಡುವ ಶಕ್ತಿ ತಗ್ಗಿಸುತ್ತವೆ. ಜಪಾನಿನ ವೈದ್ಯರು 1990ರಲ್ಲಿ ಹೃದಯದ ಒಂದು ತೊಂದರೆಯನ್ನು ಗುರುತಿಸಿ ಅದಕ್ಕೆ ಟಕೊಟ್ಸುಬೊ ಅಂತ ಹೆಸರಿಟ್ಟರು. ಆಕ್ಟೋಪಸ್ ಹಿಡಿಯುವ ಮಡಕೆಗೆ ಅಲ್ಲಿ ಆ ಹೆಸರಂತೆ. ತಡೆಯಲಾಗದ ದುಃಖ ಬಂದಾಗ ಕೆಲವರ ಹೃದಯದ ಒಂದು ಭಾಗ ಆ ಮಡಕೆಯ ಹಾಗೆ ಉಬ್ಬಿಕೊಳ್ಳುತ್ತದೆ, ಹಾರ್ಟ್ ಅಟ್ಯಾಕ್ ಥರವೇ ಎದೆನೋವು ಬರುತ್ತದೆ, ಆದರೆ ರಕ್ತನಾಳದಲ್ಲಿ ಅಡ್ಡಿ ಇರುವುದಿಲ್ಲ. ಹೆಚ್ಚಾಗಿ ಇದು ಬರುವುದು ವಯಸ್ಸಾದ ಹೆಂಗಸರಿಗೆ. ‘ಎದೆ ಒಡೆದು ಸತ್ತಳು’ ಅಂತ ನಮ್ಮ ಹಳ್ಳಿಗಳಲ್ಲಿ ಹೇಳುತ್ತಿದ್ದದ್ದು ಬರೀ ಮಾತಾಗಿರಲಿಲ್ಲ.

ಇದರ ಜೊತೆಗೆ ಇನ್ನೊಂದು ದಾರಿ ಇದೆ, ಅದನ್ನು ನಾನು ಕೌಂಟರ್ ಹಿಂದೆ ನಿಂತು ಕಣ್ಣಾರೆ ನೋಡಿದ್ದೇನೆ. ನಮ್ಮಲ್ಲಿ ಗಂಡಸರ ಮಾತ್ರೆ ಚೀಟಿ ನೆನಪಿಟ್ಟುಕೊಳ್ಳುವುದು ಹೆಂಡತಿ. ಬೆಳಿಗ್ಗೆ ತಿಂಡಿಗೆ ಮುಂಚೆ ಯಾವುದು, ರಾತ್ರಿ ಯಾವುದು, ಎಲ್ಲಾ ಅವರಿಗೇ ಗೊತ್ತು. ಹೆಂಡತಿ ತೀರಿಕೊಂಡರೆ ಆ ಮನುಷ್ಯನಿಗೆ ಎಷ್ಟೋ ಸಲ ತನ್ನ ಮಾತ್ರೆಯ ಹೆಸರೂ ತಿಳಿದಿರುವುದಿಲ್ಲ. ತಿಳಿದಿದ್ದರೂ ಯಾಕೆ ನುಂಗಬೇಕು ಅನ್ನಿಸಿಬಿಡುತ್ತದೆ. ಹೋದ ವರ್ಷ ಒಬ್ಬ ಯಜಮಾನರು ಹೆಂಡತಿಯ ತಿಥಿ ಮುಗಿಸಿ ಬಂದು, ಆಕೆ ಒಂದು ಹಳೇ ಕರ್ಚೀಫಿನಲ್ಲಿ ಗಂಟು ಕಟ್ಟಿಟ್ಟಿದ್ದ ಖಾಲಿ ಸ್ಟ್ರಿಪ್‌ಗಳನ್ನು ಕೌಂಟರ್ ಮೇಲೆ ಬಿಚ್ಚಿಟ್ಟು, ಇದರಲ್ಲಿ ನನ್ನದು ಯಾವುದು, ನಮ್ಮ ಮನೆಯವಳದು ಯಾವುದು ಹೇಳಪ್ಪಾ ಅಂದರು. ಆಮೇಲೆ ಎರಡು ತಿಂಗಳು ಅವರು ಬರಲೇ ಇಲ್ಲ. ನಾನೇ ಮನೆ ಹುಡುಕಿಕೊಂಡು ಹೋದೆ. ಮಾತ್ರೆ ಬಿಟ್ಟು ಆರು ವಾರ ಆಗಿತ್ತು. 1969ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ 4,486 ವಿಧುರರನ್ನು ಗಮನಿಸಿದ ವೈದ್ಯರು, ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಅವರ ಸಾವಿನ ಪ್ರಮಾಣ ಅದೇ ವಯಸ್ಸಿನ ಬೇರೆ ಗಂಡಸರಿಗಿಂತ 40 ಶೇಕಡ ಹೆಚ್ಚು ಅಂತ ಬರೆದಿದ್ದಾರೆ. ಹದಿಮೂರನೇ ದಿನದವರೆಗೆ ಮನೆ ತುಂಬಾ ಜನ ಇರುತ್ತಾರೆ. ಹದಿನಾಲ್ಕನೇ ದಿನ ಎಲ್ಲರೂ ಬಸ್ಸು ಹತ್ತುತ್ತಾರೆ. ಆ ಮನುಷ್ಯನಿಗೆ ನಿಜವಾಗಿ ಜನ ಬೇಕಾಗಿರುವುದು ಅವತ್ತಿನಿಂದ.

ಒಂಟಿತನದ ಬಗ್ಗೆ ಜಗತ್ತಿಗೆ ಗಟ್ಟಿಯಾಗಿ ಹೇಳಿದವರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಒಬ್ಬರು. ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಅಲ್ಲಿನ ಸರ್ಕಾರದ ಮುಖ್ಯ ವೈದ್ಯರು, ಆಗಿದ್ದಾಗ 2023ರಲ್ಲಿ ಒಂದು ಎಚ್ಚರಿಕೆಯ ವರದಿ ಹೊರಡಿಸಿ, ಜನರ ಒಡನಾಟ ಇಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟು ಸೇದುವಷ್ಟೇ ಆಯಸ್ಸಿಗೆ ಕೆಟ್ಟದ್ದು ಅಂತ ಹೇಳಿದರು. ಅದರ ಹಿಂದೆ ದೊಡ್ಡ ಲೆಕ್ಕವೇ ಇದೆ. 2010ರಲ್ಲಿ 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟು ಸೇರಿಸಿ ನೋಡಿದಾಗ, ಒಳ್ಳೆಯ ಬಾಂಧವ್ಯ ಇರುವವರು ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ 50 ಶೇಕಡ ಹೆಚ್ಚು ಅಂತ ಕಂಡುಬಂತು. ಸಿಗರೇಟಿನ ಪ್ಯಾಕಿನ ಮೇಲೆ ಎಚ್ಚರಿಕೆ ಹಾಕುತ್ತೇವೆ. ಕೋಣೆಯಲ್ಲಿ ಒಬ್ಬರೇ ಕೂತಿರುವ ಅಜ್ಜಿಯನ್ನು ನೋಡಿ ‘ಪಾಪ, ಆರಾಮಾಗಿದ್ದಾರೆ’ ಅನ್ನುತ್ತೇವೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಮನಸ್ಸು ಚೆನ್ನಾಗಿದ್ದರೆ ಮಾತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಯಾರೂ ಬಿ.ಪಿ., ಶುಗರ್ ಮಾತ್ರೆ ನಿಲ್ಲಿಸಬೇಡಿ. ಹಾಗೆಯೇ ವಯಸ್ಸಾದವರಿಗೆ ‘ಖುಷಿಯಾಗಿರಿ, ಪಾಸಿಟಿವ್ ಆಗಿ ಯೋಚನೆ ಮಾಡಿ’ ಅಂತ ಉಪದೇಶ ಮಾಡುವುದೂ ನನಗೆ ಸರಿ ಕಾಣುವುದಿಲ್ಲ. ಐವತ್ತು ವರ್ಷ ಜೊತೆಗಿದ್ದ ಗಂಡ ಹೋದ ಮೇಲೆ ಅಳುವುದು ಕಾಯಿಲೆ ಅಲ್ಲ. ಕೈಯಲ್ಲಿ ಕಾಸಿಲ್ಲದವರಿಗೆ ನಗು ಅನ್ನುವುದು ಅನ್ಯಾಯ. ಹೊಟ್ಟೆಗೆ, ಔಷಧಿಗೆ ಮೊದಲು ಗ್ಯಾರಂಟಿ ಬೇಕು, ಸಂಧ್ಯಾ ಸುರಕ್ಷಾ ಪಿಂಚಣಿ ಸರಿಯಾಗಿ ತಿಂಗಳು ತಿಂಗಳು ಕೈಸೇರಬೇಕು. ಪಿಂಚಣಿ ಬಂದ ದಿನ ನನ್ನ ಅಂಗಡಿಗೆ ಬರುವ ಅಜ್ಜಿಯರ ನಡಿಗೆಯೇ ಬೇರೆ. ಮೊಮ್ಮಗುವಿಗೆ ಅಂತ ಒಂದು ಬಿಸ್ಕತ್ತು ಪೊಟ್ಟಣವನ್ನು ತಮ್ಮ ದುಡ್ಡಲ್ಲಿ ತೆಗೆದುಕೊಳ್ಳುವಾಗ ಅವರ ಮುಖ ನೋಡಬೇಕು.

ಇನ್ನೊಂದು ಜಾಸ್ತಿ ಚಿಂತೆಯ ವಿಷಯ. ವಯಸ್ಸಾದವರು ‘ನನಗೆ ಬೇಜಾರು’ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಮೈಕೈ ನೋವು ಅನ್ನುತ್ತಾರೆ, ಊಟ ಸೇರಲ್ಲ ಅನ್ನುತ್ತಾರೆ, ಎದೆ ಉರಿ ಅನ್ನುತ್ತಾರೆ, ನಿದ್ದೆ ಮಾತ್ರೆ ಕೊಡಪ್ಪ ಅನ್ನುತ್ತಾರೆ. ಚೀಟಿ ಇಲ್ಲದೆ ಅದನ್ನು ಕೊಡುವಂತಿಲ್ಲ, ನಾನು ಕೊಡುವುದೂ ಇಲ್ಲ. ಕೂರಿಸಿ ಎರಡು ಮಾತಾಡಿದರೆ ನಿಜ ಹೊರಗೆ ಬರುತ್ತದೆ. ಕೇಂದ್ರ ಸರ್ಕಾರ 2017-18ರಲ್ಲಿ ದೇಶದ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ವಯಸ್ಸಾದವರ ಆರೋಗ್ಯದ ಸಮೀಕ್ಷೆ ಮಾಡಿಸಿತ್ತು. ಅದರಲ್ಲಿ ಅರುವತ್ತು ದಾಟಿದವರಲ್ಲಿ ಖಿನ್ನತೆಯ ಲಕ್ಷಣ ಇದ್ದವರು 8.3 ಶೇಕಡ. ಡಾಕ್ಟರು ನನಗೆ ಖಿನ್ನತೆ ಇದೆ ಅಂದಿದ್ದಾರೆ ಅಂತ ಹೇಳಿದವರು 0.8 ಶೇಕಡ. ಅಂದರೆ ಹತ್ತು ಜನರಲ್ಲಿ ಒಂಬತ್ತು ಜನರ ಕಷ್ಟ ಯಾರ ಕಣ್ಣಿಗೂ ಬಿದ್ದಿಲ್ಲ. ಮಂಡಿಗೆ ಎಣ್ಣೆ ಹಚ್ಚುತ್ತಾ, ಗ್ಯಾಸಿನ ಮಾತ್ರೆ ನುಂಗುತ್ತಾ ಇದ್ದಾರೆ. ಖಿನ್ನತೆಗೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ತಪಾಸಣೆ ನಡೆಸುವ ಕಾರ್ಯಕ್ರಮವೇ ಇದೆ. ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಹಿರಿಯರ ಸಹಾಯವಾಣಿ 14567 ಇದೆ. ಈ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಗಡಿ ಮುಂದೆ ಅಂಟಿಸಿದ್ದೇನೆ. ನೀವೂ ಆರೋಗ್ಯ ಪುಟದ ಕೆಳಗೆ ಪ್ರತಿ ವಾರ ಹಾಕಿದರೆ ಉಪಕಾರ.

ಕಿವಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಯಾರೂ ಮನಸ್ಸಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಿವಿ ಮಂದವಾದ ಮೇಲೆ ಮನುಷ್ಯ ಮೊದಲು ‘ಆಂ? ಏನಂದೆ?’ ಅಂತ ಕೇಳುತ್ತಾನೆ. ಮೂರು ಸಲ ಕೇಳಿದರೆ ಮನೆಯವರು ‘ಏನಿಲ್ಲ ಬಿಡಿ’ ಅನ್ನುತ್ತಾರೆ. ಆ ‘ಏನಿಲ್ಲ ಬಿಡಿ’ ಬಹಳ ಚುಚ್ಚುವ ಮಾತು. ಆಮೇಲೆ ಕೇಳುವುದನ್ನೇ ಬಿಟ್ಟು, ಎಲ್ಲರೂ ನಕ್ಕಾಗ ತಾವೂ ನಕ್ಕು, ಕೊನೆಗೆ ಎದ್ದು ಕೋಣೆಗೆ ಹೋಗಿಬಿಡುತ್ತಾರೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ವರದಿ ಮರೆವಿನ ಕಾಯಿಲೆಗೆ ತಡೆಯಬಹುದಾದ 14 ಕಾರಣಗಳನ್ನು ಗುರುತಿಸಿದೆ. ಅದರಲ್ಲಿ ಕಿವಿ ಮಂದವಾಗುವುದು, ಖಿನ್ನತೆ, ಜನರಿಂದ ದೂರವಾಗುವುದು ಮೂರೂ ಇವೆ. ನೋಡಿದರೆ ಮೂರೂ ಒಂದೇ ಕುರ್ಚಿಯಲ್ಲಿ ಕೂತಿರುತ್ತವೆ. ಅಪ್ಪ ಅಮ್ಮನ ಕಣ್ಣಿಗೆ ಕನ್ನಡಕ ತಕ್ಷಣ ಮಾಡಿಸುವ ನಾವು ಕಿವಿಗೆ ಮಾತ್ರ ‘ವಯಸ್ಸಾಯ್ತಲ್ಲ’ ಅಂತ ಬಿಟ್ಟುಬಿಡುತ್ತೇವೆ.

ಹೆಚ್ಚು ವರ್ಷ ಬಾಳಿದ ನಮ್ಮವರನ್ನು ನೆನೆಸಿಕೊಂಡರೂ ಇದೇ ಕಾಣುತ್ತದೆ. ಸಾಲುಮರದ ತಿಮ್ಮಕ್ಕ 114 ವರ್ಷ ಬಾಳಿದ್ದರು ಅಂತ ಹೇಳುತ್ತಾರೆ. ಮಕ್ಕಳಿರಲಿಲ್ಲ, ದುಡ್ಡಿರಲಿಲ್ಲ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಗಂಡನ ಜೊತೆ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು 385 ಮರ ಬೆಳೆಸಿದರು. 2019ರಲ್ಲಿ ರಸ್ತೆ ಅಗಲ ಮಾಡಲು ಆ ಮರಗಳಿಗೆ ಕುತ್ತು ಬಂದಾಗ, ಆ ವಯಸ್ಸಿನಲ್ಲಿ ಮುಖ್ಯಮಂತ್ರಿಯವರ ಹತ್ತಿರವೇ ಅಹವಾಲು ಒಯ್ದರು. ಅದೇ ವರ್ಷ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು, ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ನಿಘಂಟು ತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ 2021ರವರೆಗೆ ಇದ್ದರು, 107 ವರ್ಷ. ಯಾವ ಪದಕ್ಕೆ ಏನರ್ಥ ಅಂತ ಓದುಗರು ಕೇಳುತ್ತಿದ್ದರು, ಅವರು ಪತ್ರಿಕೆಯಲ್ಲಿ ಉತ್ತರ ಬರೆಯುತ್ತಿದ್ದರು. ಮರ ನೆಟ್ಟಿದ್ದಕ್ಕೇ, ನಿಘಂಟು ಮಾಡಿದ್ದಕ್ಕೇ ಇಷ್ಟು ವರ್ಷ ಬದುಕಿದರು ಅಂತ ನಾನು ಹೇಳಲಾರೆ. ಆದರೆ ಅವರಿಗಾಗಿ ಕಾದಿರುವ ಕೆಲಸ ಇತ್ತು, ಕೇಳುವ ಜನ ಇದ್ದರು. ‘ಸುಮ್ನೆ ಕೂತ್ಕೊಳ್ಳಿ’ ಅಂತ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ, ಹೇಳಿದ್ದರೂ ಅವರು ಕೇಳಲಿಲ್ಲ.

ಎಲ್ಲವನ್ನೂ ಮನೆಯವರ ತಲೆಗೇ ಕಟ್ಟುವುದೂ ತಪ್ಪು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಹಗಲು ಹೊತ್ತು ಜೊತೆಗೆ ಯಾರು ಕೂರಬೇಕು? ಊರು ಕೂಡ ಸ್ವಲ್ಪ ಜಾಗ ಕೊಡಬೇಕು. ನಮ್ಮ ಹಳ್ಳಿಯ ಅರಳಿಕಟ್ಟೆಯನ್ನು ರಸ್ತೆಗೆ ಅಂತ ಒಡೆದರು, ಅಲ್ಲಿ ಕೂರುತ್ತಿದ್ದ ಆರು ಜನ ಹಿರಿಯರು ಮನೆ ಸೇರಿದರು, ಅಷ್ಟೇ. ಬೆಂಗಳೂರಿನಲ್ಲಿ ಬಸ್ ಸ್ಟಾಪಿನಲ್ಲಿ ಕೂರಲು ಜಾಗವಿಲ್ಲ, ಫುಟ್‌ಪಾತಿನಲ್ಲಿ ಕಲ್ಲು ಎದ್ದಿರುತ್ತದೆ. ಒಂದು ಸಲ ಎಡವಿ ಬಿದ್ದವರು ಹೆದರಿಕೊಂಡು ಆಮೇಲೆ ಹೊರಗೇ ಬರುವುದಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ, ಅಂದರೆ ಅಲ್ಲಿನ ಗ್ರಂಥಾಲಯಗಳಲ್ಲಿ, ವಾರಕ್ಕೆ ಎರಡು ದಿನ ಹಿರಿಯರು ಮಕ್ಕಳಿಗೆ ಕಥೆ ಹೇಳುವ ಹಾಗೆ ಮಾಡಿದರೆ ಖರ್ಚೇನೂ ಬರುವುದಿಲ್ಲ. ಒಳ್ಳೆಯದಾದದ್ದನ್ನೂ ಹೇಳಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಬಸ್ಸು ಉಚಿತವಾಯಿತಲ್ಲ, ಅದರ ಬಗ್ಗೆ ಪರ ವಿರೋಧ ಏನೇ ಇರಲಿ, ನನ್ನ ಅಂಗಡಿಗೆ ಬರುವ ಎಷ್ಟೋ ಅಜ್ಜಿಯರು ವರ್ಷಗಟ್ಟಲೆ ನೋಡದ ಅಕ್ಕತಂಗಿಯರ ಮನೆಗೆ ಹೋಗಿಬಂದರು. ನಮ್ಮಮ್ಮನೂ ಈಗ ತಿಂಗಳಿಗೊಂದು ಸಲ ಶಿಡ್ಲಘಟ್ಟದಲ್ಲಿರುವ ಚಿಕ್ಕಮ್ಮನ ಮನೆಗೆ ಒಬ್ಬಳೇ ಹೋಗುತ್ತಾಳೆ. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ಕೇಳುವುದೂ ಇಲ್ಲ, ಹೇಳಿ ಹೋಗುತ್ತಾಳೆ. ಹೋಗುವ ಹಿಂದಿನ ದಿನವೇ ಅವಳ ದನಿ ಬದಲಾಗಿರುತ್ತದೆ. ಗಂಡಸರಿಗೆ ಇಂಥದ್ದೇನೂ ಇಲ್ಲ, ಹತ್ತು ಮಾತ್ರೆಯ ತಾತನಂಥವರು ಎಲ್ಲಿಗೆ ಹೋಗಬೇಕು ಅಂತ ಯಾರಾದರೂ ಯೋಚನೆ ಮಾಡಬೇಕು.

ಅಮ್ಮನಿಗೆ ಈಗ 71. ತೂಕ 56ಕ್ಕೆ ಬಂದಿದೆ. ಬಿ.ಪಿ. ಮಾತ್ರೆ ಇದೆ, ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ. ಅಪ್ಪನ ನೆನಪಾದಾಗ ಅಳುತ್ತಾಳೆ, ನಾವು ಬೇಡ ಅನ್ನುವುದಿಲ್ಲ. ಹಾಲು, ಸೊಪ್ಪು, ತರಕಾರಿ ತರುವುದು ಪೂರಾ ಅವಳದೇ ಜವಾಬ್ದಾರಿ. ತಳ್ಳುಗಾಡಿಯವನ ಹತ್ತಿರ ಚೌಕಾಸಿ ಮಾಡಿ ಅರ್ಧ ಗಂಟೆ ತಡವಾಗುತ್ತದೆ, ಆಗಲಿ. ನನ್ನ ಹೆಂಡತಿ ಈಗ ‘ಅತ್ತೆ, ಇದಕ್ಕೆ ಖಾರ ಎಷ್ಟು ಹಾಕಲಿ’ ಅಂತ ಕೇಳುತ್ತಾಳೆ. ಅವಳಿಗೆ ಗೊತ್ತಿಲ್ಲ ಅಂತಲ್ಲ.

ಆ ತಾತನಿಗೆ ಅಂಗಡಿಯ ಮುಂದೆ ಒಂದು ಸ್ಟೂಲ್ ಹಾಕಿದ್ದೇನೆ. ಮೊದಮೊದಲು ಸುಮ್ಮನೆ ಕೂರುತ್ತಿದ್ದರು. ಅವರು ರೈಲ್ವೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು ಅಂತ ಗೊತ್ತಾದ ಮೇಲೆ, ನನ್ನ ಸ್ಟಾಕ್ ಪುಸ್ತಕವನ್ನು ಒಂದು ಸಲ ನೋಡಿ ಅಂತ ಕೊಟ್ಟೆ. ಎರಡು ಕಡೆ ತಪ್ಪು ಹಿಡಿದರು. ಈಗ ಶನಿವಾರ ಶನಿವಾರ ಅವಧಿ ಮುಗಿಯಲಿಕ್ಕೆ ಬಂದ ಔಷಧಿಗಳ ಪಟ್ಟಿ ಅವರೇ ಮಾಡುತ್ತಾರೆ, ಕನ್ನಡಕ ಒರೆಸಿಕೊಂಡು, ಕೆಂಪು ಇಂಕಿನಲ್ಲಿ.

ಕೊನೆಯದಾಗಿ ನಿಮ್ಮಲ್ಲೊಂದು ಕೋರಿಕೆ. ಪತ್ರಿಕೆಯಲ್ಲಿ ವಾರಕ್ಕೊಂದು ದಿನ ಅಂಗೈಯಗಲ ಜಾಗ ಕೊಡಿ. ಓದುಗರು ಪ್ರಶ್ನೆ ಕಳಿಸಲಿ. ಉತ್ತರ ಬರೆಯುವವರು ಎಪ್ಪತ್ತು ದಾಟಿದವರೇ ಆಗಿರಲಿ. ಬರೆಯಲು ಬಾರದವರು ಹೇಳಲಿ, ಮೊಮ್ಮಕ್ಕಳು ಬರೆದುಕೊಡಲಿ. ರಾಗಿ ಹುಳು ಹಿಡಿಯದ ಹಾಗೆ ಇಡುವುದು ಹೇಗೆ, ಎಮ್ಮೆ ಹಾಲು ಕೊಡದಿದ್ದರೆ ಏನು ಮಾಡುತ್ತಿದ್ದಿರಿ, ಮಗು ರಾತ್ರಿಯೆಲ್ಲಾ ಅತ್ತರೆ ಯಾವ ಹಾಡು ಹೇಳುತ್ತಿದ್ದಿರಿ, ಏನು ಬೇಕಾದರೂ ಕೇಳಲಿ. ಮೊದಲ ಪ್ರಶ್ನೆಯನ್ನು ಈ ಪತ್ರದ ಜೊತೆಯಲ್ಲೇ ನಾನು ಕಳಿಸುತ್ತಿದ್ದೇನೆ: ಸೊಗಡು ಅವರೆಕಾಯಿ ಗುರುತು ಹಿಡಿಯುವುದು ಹೇಗೆ? ಉತ್ತರ ನಮ್ಮ ಮನೆಯಲ್ಲೇ ಸಿದ್ಧವಾಗಿದೆ. ಅಮ್ಮ ಹೇಳುತ್ತಿದ್ದಾಳೆ, ಮಗಳು ಬರೆದುಕೊಳ್ಳುತ್ತಿದ್ದಾಳೆ, ಆಗಲೇ ಎರಡನೇ ಹಾಳೆಗೆ ಬಂದಿದೆ.

ಇಂತಿ ನಿಮ್ಮ ಓದುಗ,
ಒಬ್ಬ ಔಷಧಿ ಅಂಗಡಿಯವನು,
ಬೆಂಗಳೂರು